ಅವರ ಉಸಾಬರಿ ನಿನಗ್ಯಾಕೆ?

"ನೀನೇನು ಚರ್ಚಿಗೆ ಹೋಗ್ತೀಯಾ? ಮಸೀದಿಗೆ ಹೋಗ್ತೀಯಾ? ಮತ್ತೆ ಅವರ ಉಸಾಬರಿ ನಿನಗ್ಯಾಕೆ?"

ಪ್ರಾರ್ಥನೆ ಮಾಡುವವರ ಮೇಲೆ ಎಲ್ಲಿ ಕೈ ಬಿದ್ದರೂ ಅದು ತಪ್ಪು ಅಂತ ನಾನು ಹೇಳುತ್ತೇನೆ. ಹೇಳಿದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾದಾಗಲೂ ಬಂತು. ಮೊನ್ನೆ ಮದುವೆಮನೆಯ ಊಟದ ಪಂಕ್ತಿಯಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ, ಮತ್ತೆ ಬಂತು.

ನಮ್ಮದು ಸಂಜೆ ದೇವರಿಗೆ ದೀಪ ಹಚ್ಚುವ ಮನೆ. ಆದರೂ ನನ್ನ ಉತ್ತರ ಇರುವುದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ. ಅದನ್ನು ನೋಡಲು ಬೆಟ್ಟ ಹತ್ತಬೇಕಾಗಿಲ್ಲ, ಬಸದಿ ಊರೊಳಗೇ ಇದೆ. ಅಲ್ಲಿ 1368ರ ಒಂದು ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿತ್ತು. ಆನೆಗೊಂದಿ, ಪೆನುಗೊಂಡೆ ಮುಂತಾದ ಕಡೆಯ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನ ಮುಂದೆ ಹೇಳಿಕೊಂಡರು.

ಬುಕ್ಕರಾಯ ಏನು ಮಾಡಿದ ಗೊತ್ತಾ? ಜೈನರ ಕೈ ಹಿಡಿದು ವೈಷ್ಣವರ ಕೈಗೆ ಕೊಟ್ಟ. ಧಾರೆಯಲ್ಲಿ ಹೆಣ್ಣಿನ ಕೈ ಕೊಡುತ್ತಾರಲ್ಲ, ಹಾಗೆ. ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ಜೈನರ ಪಂಚಮಹಾವಾದ್ಯ, ಕಳಶ ಎಲ್ಲ ಹಿಂದಿನಂತೆಯೇ ನಡೆಯಬೇಕು ಅಂದ. ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿ ಅಂತ ತಿಳಿಯಬೇಕು ಅಂದ. ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸುವ ಕೆಲಸ ಯಾರಿಗೆ ಬಂತು? ತಿರುಮಲೆಯ ತಾತಯ್ಯನವರಿಗೆ, ಅಂದರೆ ವೈಷ್ಣವರಿಗೇ!

ನನಗೆ ಹಿಡಿಸಿದ್ದು ಇದು. ದೂರು ಯಾರ ಮೇಲಿತ್ತೋ ಅವರನ್ನೇ ಕಾವಲಿಗೆ ಹಚ್ಚಿದ. ಒಂದು ಮಾತ್ರ ಸರಿಬರಲಿಲ್ಲ. ಕಾವಲಿನ ಖರ್ಚಿಗೆ ಜೈನರು ಮನೆಗೆ ವರ್ಷಕ್ಕೆ 1 ಹಣ (ಆಗಿನ ಒಂದು ನಾಣ್ಯ) ಕೊಡಬೇಕಿತ್ತು. ಪೆಟ್ಟು ತಿಂದವರೇ ದುಡ್ಡೂ ಕೊಡೋದು ಯಾವ ನ್ಯಾಯ? ಮಿಕ್ಕ ಹಣದಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ ಬಳಿಸಬೇಕು ಅಂತಲೂ ಶಾಸನದಲ್ಲಿದೆ, ಅದೊಂದು ಸಮಾಧಾನ.

ಈಗ ರಾಜನಿಲ್ಲ, ಅವರವರ ಧರ್ಮ ಪಾಲಿಸುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿ ಇದೆ. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಅದಕ್ಕೆ ಒಪ್ಪುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಕೋಟಿಗಟ್ಟಲೆ ಜನರ ದೇಶದಲ್ಲಿ ಮೂರೇ ಮಕ್ಕಳು!

ಇಷ್ಟು ಹೇಳಿದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ. "ಬಾಂಗ್ಲಾದಲ್ಲಿ ನಮ್ಮವರಿಗೆ ಹೊಡೆದಾಗ ಎಲ್ಲಿದ್ದೆ?" ನ್ಯಾಯವಾದ ಪ್ರಶ್ನೆಯೇ. 2021ರಲ್ಲಿ ಅಲ್ಲಿ ದುರ್ಗಾಪೂಜೆಯ ಪೆಂಡಾಲುಗಳ ಮೇಲೆ ದಾಳಿಯಾದಾಗಲೂ ತಪ್ಪು ಅಂತಲೇ ಹೇಳಿದ್ದೆ. ಅಲ್ಲಿ ನೆರೆಯವರು ಕಾಯಬೇಕಿತ್ತು ಅಂತ ನಮಗೆ ಅನಿಸುತ್ತದೆ, ಅಲ್ವಾ? ಆ ನೆರೆಯವರನ್ನೂ ಅವರ ಊರಲ್ಲಿ ಯಾರಾದರೂ ಕೇಳಿರುತ್ತಾರೆ, ಅವರ ಉಸಾಬರಿ ನಿನಗ್ಯಾಕೆ ಅಂತ.