ಒಂದು ಬೆಳ್ಳಿ ನಾಣ್ಯದ ಕತ್ತೆ

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ನಮ್ಮ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳ ದೃಶ್ಯ, ಕಟ್ಟುವ ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ, ಹಳೆಯ ಪತ್ರಿಕೆಗಳಲ್ಲಿ ಸುತ್ತಿಟ್ಟ ಮಣ್ಣಿನ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚಿ ಒರೆಸುವಾಗ ಕುರುಬರು, ಮೂವರು ಜ್ಞಾನಿಗಳು, ದೇವದೂತ ಎಲ್ಲರೂ ಮುಕ್ಕಾಗದೆ ಸಿಗುತ್ತಾರೆ. ಕತ್ತೆಗೆ ಮಾತ್ರ ಬಲಗಿವಿಯಿಲ್ಲ. ಅದು ಯಾವ ವರ್ಷ ಮುರಿಯಿತೆಂಬುದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಹೊಸದೊಂದನ್ನು ತರೋಣವೆಂದು ಯಾರೂ ಹೇಳಿಯೂ ಇಲ್ಲ. ಮುರಿದ ಕಿವಿ ಕಾಣದಂತೆ ಅದನ್ನು ಎತ್ತಿನ ಹಿಂದಕ್ಕೆ ಸರಿಸಿ ನಿಲ್ಲಿಸುವುದು ನಮ್ಮ ರೂಢಿ. ಈ ಸಲ ಆ ಕೆಲಸ ಮುಗಿದ ರಾತ್ರಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಹಳ ವರ್ಷಗಳ ಹಿಂದೆ ನೋಡಿದ್ದ ಒಂದು ಕಿರುಚಿತ್ರವನ್ನು ಮತ್ತೊಮ್ಮೆ ನೋಡಿದೆ. ಡಿಸ್ನಿ ಸಂಸ್ಥೆಯ ‘ದಿ ಸ್ಮಾಲ್ ಒನ್’ ಎಂಬ ಆ ಆನಿಮೇಷನ್ ಚಿತ್ರದ ನಾಯಕನೂ ಒಂದು ಕತ್ತೆಯೇ.

1978ರ ಡಿಸೆಂಬರ್ 16ರಂದು, ‘ಪಿನೋಕಿಯೊ’ ಚಿತ್ರದ ಮರುಬಿಡುಗಡೆಯ ಜೊತೆಗೆ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡ ಈ ಚಿತ್ರ ಅರ್ಧ ಗಂಟೆಯನ್ನೂ ಮುಟ್ಟುವುದಿಲ್ಲ. ಮೂಲ ಕಥೆ ರೇಡಿಯೊಗಾಗಿ ಬರೆಯುತ್ತಿದ್ದ ಚಾರ್ಲ್ಸ್ ಟ್ಯಾಜ್‌ವೆಲ್ ಅವರದು. 1947ರಲ್ಲಿ ಅದು ಪುಸ್ತಕವಾಗಿ ಬಂತು. ಗಾಯಕ ಬಿಂಗ್ ಕ್ರಾಸ್ಬಿ ಅವರ ಧ್ವನಿಯಲ್ಲಿ ಗ್ರಾಮಫೋನ್ ತಟ್ಟೆಗಳಾಗಿಯೂ ಹೊರಬಂತು. ಟ್ಯಾಜ್‌ವೆಲ್ ಅವರಲ್ಲಿ ಕಥೆಗೊಂದು ಚೌಕಟ್ಟಿದೆ: ಹಟಮಾರಿ ಕತ್ತೆಯೊಡನೆ ಹೆಣಗುತ್ತಿರುವ ಪ್ಯಾಬ್ಲೊ ಎಂಬ ಹುಡುಗನಿಗೆ ಪಾದ್ರಿಯೊಬ್ಬರು ಈ ಪ್ರಸಂಗವನ್ನು ಹೇಳುತ್ತಾರೆ. ಚಿತ್ರ ಮಾಡಿದವರು ಪಾದ್ರಿಯನ್ನೂ ಪ್ಯಾಬ್ಲೊನನ್ನೂ ಕೈಬಿಟ್ಟು ನೇರವಾಗಿ ನಜರೇತಿನ ಹೊರವಲಯದ ಒಂದು ಬಡ ಮನೆಗೆ ನಮ್ಮನ್ನು ಕರೆದೊಯ್ಯುತ್ತಾರೆ. ನನಗೆ ಇದು ಜಾಣ ನಿರ್ಧಾರವಾಗಿ ಕಾಣುತ್ತದೆ, ಏಕೆಂದರೆ ಉಪದೇಶ ಮಾಡಬಲ್ಲವರು ಕಥೆಯಿಂದ ಹೊರಗೆ ಹೋದ ಮೇಲೆ ಉಳಿಯುವುದು ಒಬ್ಬ ಹುಡುಗ, ಅವನ ಅಪ್ಪ ಮತ್ತು ಒಂದು ಮುದಿ ಪ್ರಾಣಿ.

ಅಪ್ಪನದು ಸೌದೆ ತಂದು ಮಾರುವ ಜೀವನ. ಕೊಟ್ಟಿಗೆಯಲ್ಲಿರುವ ಉಳಿದ ಕತ್ತೆಗಳು ಗಟ್ಟಿಮುಟ್ಟಾಗಿವೆ. ‘ಸ್ಮಾಲ್ ಒನ್’ ಎಂದು ಹುಡುಗ ಕರೆಯುವ ಕತ್ತೆಗೆ ಮಾತ್ರ ವಯಸ್ಸಾಗಿದೆ, ಹೊರೆ ಹೊರುವ ಶಕ್ತಿ ಉಳಿದಿಲ್ಲ. ದುಡಿಯದ ಪ್ರಾಣಿಗೂ ಮೇವು ಹಾಕುವಷ್ಟು ಅನುಕೂಲ ತನಗಿಲ್ಲವೆಂದು ಅಪ್ಪ ಹೇಳಬೇಕಾಗುತ್ತದೆ. ಹೇಳುವಾಗ ಅವನ ದನಿ ಏರುವುದಿಲ್ಲ. ಅವನನ್ನು ಕಟುಕನನ್ನಾಗಿ ತೋರಿಸಿದ್ದರೆ ಕಥೆ ಸುಲಭವಾಗುತ್ತಿತ್ತು, ಮಕ್ಕಳು ಅವನನ್ನು ದ್ವೇಷಿಸಿ ಹಗುರಾಗುತ್ತಿದ್ದರು. ಈ ಅಪ್ಪನನ್ನು ದ್ವೇಷಿಸಲು ಆಗುವುದಿಲ್ಲ. ಮಾರುವುದೇ ಆದರೆ ತಾನೇ ಕರೆದೊಯ್ದು ಮಾರುತ್ತೇನೆಂದು ಮಗ ಕೇಳಿಕೊಳ್ಳುತ್ತಾನೆ. ಬೆಲೆ ಒಂದು ಬೆಳ್ಳಿ ನಾಣ್ಯ.

ಮರುದಿನ ಅವರಿಬ್ಬರೂ ಪೇಟೆಗೆ ಬಂದಾಗಿನಿಂದ ಚಿತ್ರ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಇದಕ್ಕೆ ಎಷ್ಟು ಕೊಡಬಹುದು? ಕೊಳ್ಳಲು ಮುಂದೆ ಬರುವವನು ತೊಗಲು ಹದಮಾಡುವವನೊಬ್ಬನೇ. ಅವನಿಗೆ ಬೇಕಾಗಿರುವುದು ಚರ್ಮವೆಂದು ಹುಡುಗನಿಗೆ ತಿಳಿಯುವ ಗಳಿಗೆಯನ್ನು ಚಿತ್ರ ಎಳೆದು ತೋರಿಸುವುದಿಲ್ಲ. ತಿಳಿದ ಕೂಡಲೇ ಅವನು ಅಲ್ಲಿಂದ ಓಡುತ್ತಾನೆ. ಅಲ್ಲಿಯೇ ಕೊಟ್ಟುಬಿಟ್ಟಿದ್ದರೆ ಹಣ ಕೈಗೆ ಬರುತ್ತಿತ್ತು, ಅಪ್ಪನ ಮಾತು ನಡೆಯುತ್ತಿತ್ತು, ಅಪ್ಪ ಬೈಯುತ್ತಲೂ ಇರಲಿಲ್ಲ. ಒಳ್ಳೆಯ ಕೈಗೆ ಕೊಡಬೇಕೆಂಬ ಷರತ್ತನ್ನು ಹಾಕಿಕೊಂಡವನು ಹುಡುಗನೇ, ಆ ಷರತ್ತಿನಿಂದ ಇಡೀ ದಿನ ಕಷ್ಟಪಡುವವನೂ ಅವನೇ. ಮುಂದೆ ಕುದುರೆಗಳನ್ನು ಹರಾಜು ಹಾಕುವವನು ಮುದಿ ಕತ್ತೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ, ತನ್ನ ದೊಡ್ಡ ದೇಹವನ್ನು ಅದರ ಬೆನ್ನಿನ ಮೇಲೆ ಹೇರಿ, ಸೇರಿದ ಜನರನ್ನೆಲ್ಲ ನಗಿಸುತ್ತಾನೆ. ನಗುವ ಜನರ ನಡುವೆ ನಿಂತ ಆ ಹುಡುಗನ ಮುಖವನ್ನು ಚಿತ್ರಿಸಿದ ಕೈಗಳಿಗೆ ನಾನು ಋಣಿ. ಕನ್ನಡದಲ್ಲಿ ಕತ್ತೆಯೆಂಬುದು ಪ್ರಾಣಿಯ ಹೆಸರಾಗಿ ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಬೈಗುಳವಾಗಿಯೇ ಬೀಳುತ್ತದೆಯಾದ್ದರಿಂದ, ಆ ನಗು ನಮಗೂ ಪರಿಚಿತವೇ.

ಸಂಜೆಯಾಗುತ್ತದೆ. ಬೀದಿಯ ಮೂಲೆಯೊಂದರಲ್ಲಿ ಕತ್ತೆಯನ್ನು ತಬ್ಬಿಕೊಂಡು ಹುಡುಗ ಅಳುತ್ತಿರುವಾಗ ಒಬ್ಬ ದಾರಿಹೋಕ ಹತ್ತಿರ ಬಂದು, ಈ ಕತ್ತೆ ಮಾರಾಟಕ್ಕಿದೆಯೇ ಎಂದು ಕೇಳುತ್ತಾನೆ. ತನ್ನ ಹೆಂಡತಿಯನ್ನು ಬೇತ್ಲೆಹೇಮಿಗೆ ಕರೆದೊಯ್ಯಲು ಅವನಿಗೊಂದು ಸಾಧು ಪ್ರಾಣಿ ಬೇಕಾಗಿದೆ. ಅವನು ಕೊಡಬಲ್ಲದ್ದು ಒಂದು ಬೆಳ್ಳಿ ನಾಣ್ಯ.

ಅವನು ಯಾರು, ಅವಳು ಯಾರು, ಆ ಊರಿನಲ್ಲಿ ನಡೆಯಲಿರುವುದೇನು ಎಂಬುದು ನೋಡುವ ನಮಗೆಲ್ಲ ತಿಳಿದಿದೆ. ಹುಡುಗನಿಗೆ ತಿಳಿಯುವುದಿಲ್ಲ, ಯಾರೂ ತಿಳಿಸುವುದೂ ಇಲ್ಲ. ಹುಟ್ಟಲಿರುವ ಮಗುವಿನ ಹೆಸರನ್ನು ಯಾರೂ ಎತ್ತುವುದಿಲ್ಲ, ದೇವದೂತ ಬಂದು ಹುಡುಗನ ಬೆನ್ನು ತಟ್ಟುವುದಿಲ್ಲ. ಸಿಕ್ಕವನು ಮೃದು ಮಾತಿನವನು, ಹೊರಬೇಕಾದ ಭಾರ ದೊಡ್ಡದಲ್ಲ ಎಂಬಷ್ಟರಿಂದಲೇ ಅವನು ತೃಪ್ತನಾಗಿ ನಾಣ್ಯವನ್ನು ಪಡೆಯುತ್ತಾನೆ. ಕ್ರಿಸ್ಮಸ್ ಹೆಸರಿನಲ್ಲಿ ಬರುವ ಮಕ್ಕಳ ಚಿತ್ರಗಳಲ್ಲಿ ಹೆಚ್ಚಿನವು ಹಿಮ, ಉಡುಗೊರೆ ಮತ್ತು ಕೆಂಪು ಅಂಗಿಯ ಅಜ್ಜನಲ್ಲಿಯೇ ಮುಗಿದುಹೋಗುತ್ತವೆ. ಧರ್ಮವನ್ನೇ ವಸ್ತುವಾಗಿ ಎತ್ತಿಕೊಂಡವು ಭಾನುವಾರದ ಪಾಠದ ಸ್ವರಕ್ಕೆ ಜಾರುತ್ತವೆ. ಈ ಚಿತ್ರ ಯೇಸುವಿನ ಜನನವನ್ನು ಕೊಟ್ಟಿಗೆಯ ಬಾಗಿಲವರೆಗೂ ಹೋಗದೆ, ಅತ್ತ ಹೊರಟ ದಾರಿಯ ಮೊದಲ ತಿರುವಿನಲ್ಲಿಯೇ ನಿಂತು ಹೇಳುತ್ತದೆ. ನನ್ನ ಪಾಲಿಗೆ ಇದರ ಭಕ್ತಿ ಇರುವುದು ಆ ಹುಡುಗನ ತಿಳಿಯದಿರುವಿಕೆಯಲ್ಲಿ.

ಬೈಬಲಿನ ದೃಷ್ಟಿಯಿಂದ ನೋಡಿದರೆ ಈ ಕತ್ತೆಗೆ ಕಥೆಯಲ್ಲಿ ಸ್ಥಾನವೇ ಇಲ್ಲವೆಂಬುದು ಇನ್ನೊಂದು ಸೋಜಿಗ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಜನಗಣತಿಯ ಆಜ್ಞೆಯಿದೆ, ನಜರೇತಿನಿಂದ ಬೇತ್ಲೆಹೇಮಿಗೆ ಹೋದ ಯೋಸೇಫ ಮತ್ತು ಮರಿಯ ಇದ್ದಾರೆ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಗೋದಲಿ, ಅಂದರೆ ಮೇವಿನ ತೊಟ್ಟಿ, ಇದೆ, ಕತ್ತೆಯ ಸುಳಿವಿಲ್ಲ. 100 ಕಿಲೋಮೀಟರಿಗೂ ಮಿಕ್ಕ ಆ ಗುಡ್ಡಗಾಡಿನ ದಾರಿಯನ್ನು ತುಂಬು ಬಸುರಿ ನಡೆದೇ ಹೋಗಿರಲಾರಳೆಂದು ಭಕ್ತರ ಮನಸ್ಸು ಮರುಗಿರಬೇಕು. ಎರಡನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ, ಅಧಿಕೃತ ಬೈಬಲಿಗೆ ಸೇರದ ಯಾಕೋಬನ ಹೆಸರಿನ ಗ್ರಂಥದಲ್ಲಿ ಯೋಸೇಫ ಕತ್ತೆಗೆ ಜೀನು ಕಟ್ಟಿ ಮರಿಯಳನ್ನು ಕೂರಿಸುತ್ತಾನೆ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲವೆಂಬ ಪ್ರವಾದಿ ಯೆಶಾಯನ ಮಾತನ್ನು ಕ್ರೈಸ್ತರು ಈ ಜನನಕ್ಕೆ ಜೋಡಿಸಿಕೊಂಡರು. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು ಹರವಿ, ಜೀವಂತ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ ಕ್ರಿಸ್ಮಸ್ ರಾತ್ರಿಯ ಪೂಜೆಗೆ ಅಣಿಮಾಡಿದರು. ನಮ್ಮ ಮನೆಯ ಕಿವಿ ಮುರಿದ ಗೊಂಬೆಯೂ ಆ ಸಾಲಿನ ಕೊನೆಯಲ್ಲಿ ನಿಂತಿದೆ. ಸುವಾರ್ತೆಯಲ್ಲಿಲ್ಲದ ಪ್ರಾಣಿಯನ್ನು ಜನ ಸುಮ್ಮನೆ ಕರೆತಂದು ನಿಲ್ಲಿಸಿದರು. ಟ್ಯಾಜ್‌ವೆಲ್ ಅದಕ್ಕೊಂದು ಹಿಂದಿನ ದಿನವನ್ನು ಕೊಟ್ಟರು.

ಚಿತ್ರದಲ್ಲಿ ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಪೇಟೆಯ ಮೂವರು ವ್ಯಾಪಾರಿಗಳು ಹಾಡುವ ಹಾಡು ಈಗ ನೋಡುವಾಗ ಮುಜುಗರ ಹುಟ್ಟಿಸುತ್ತದೆ. ಹಣದಾಸೆಯ ಯಹೂದಿ ವರ್ತಕನೆಂಬ ಯುರೋಪಿನ ಹಳೆಯ ಮತ್ತು ಅಪಾಯಕಾರಿ ಅಣಕಚಿತ್ರದ ನೆರಳು ಅಲ್ಲಿ ನಿಚ್ಚಳವಾಗಿದೆ. ಇಡೀ ಊರೇ ಯಹೂದಿಗಳದ್ದಾಗಿರುವಾಗ, ಕತ್ತೆ ಕೊಂಡ ಸಜ್ಜನನೂ ಯಹೂದಿಯೇ ಆಗಿರುವಾಗ ಈ ಅಣಕ ಎಷ್ಟು ಅರ್ಥಹೀನವೆಂಬುದನ್ನು ಮಾಡಿದವರು ಯೋಚಿಸಿದಂತಿಲ್ಲ. ಬೇಕಾದರೆ ತುಸು ಮೋಸ ಮಾಡುತ್ತೇವೆ ಎಂಬರ್ಥದ ಸಾಲನ್ನು, ಇನ್ನಷ್ಟು ದುಡಿಯುತ್ತೇವೆ ಎಂದು ಸಂಸ್ಥೆಯೇ ಮುಂದೆ ಬದಲಿಸಿತು. ಕೊನೆಯಲ್ಲಿ ನಕ್ಷತ್ರದ ಬೆಳಕು ಅಷ್ಟೊಂದು ಉಜ್ವಲವಾಗಿ ಚೆಲ್ಲಬೇಕಾಗಿರಲಿಲ್ಲ ಎಂಬುದು ನನ್ನ ಇನ್ನೊಂದು ತಕರಾರು. ಅಲ್ಲಿಯವರೆಗೆ ಪಿಸುಮಾತಿನಲ್ಲಿ ಬಂದ ಚಿತ್ರ ಅಲ್ಲಿ ಮಾತ್ರ ದನಿ ಎತ್ತರಿಸುತ್ತದೆ.

ನಿರ್ದೇಶಕ ಡಾನ್ ಬ್ಲೂತ್ ಅವರ ಬಗ್ಗೆ ಒಂದೆರಡು ಮಾತು. ಡಿಸ್ನಿಯಲ್ಲಿ ಅವರು ನಿರ್ದೇಶಿಸಿದ ಚಿತ್ರ ಇದೊಂದೇ. ಚಿತ್ರ ತೆರೆಕಂಡ ಮುಂದಿನ ವರ್ಷ, 1979ರ ಸೆಪ್ಟೆಂಬರ್ 13ರಂದು, ತಮ್ಮ 42ನೆಯ ಹುಟ್ಟುಹಬ್ಬದ ದಿನವೇ ಅವರು ರಾಜೀನಾಮೆ ಕೊಟ್ಟರು. ಗ್ಯಾರಿ ಗೋಲ್ಡ್‌ಮನ್, ಜಾನ್ ಪೊಮೆರಾಯ್ ಮತ್ತಿತರ ಕಲಾವಿದರು ಅವರ ಜೊತೆ ಹೊರನಡೆದರು. ಖರ್ಚು ಉಳಿಸುವ ಭರದಲ್ಲಿ ಹಳೆಯ ಚಿತ್ರಗಳ ಕುಸುರಿಯನ್ನು ಸಂಸ್ಥೆ ಬಿಟ್ಟುಕೊಡುತ್ತಿದೆ ಎಂಬುದು ಅವರ ದೂರಾಗಿತ್ತು. ಮುಂದೆ 1982ರಲ್ಲಿ ‘ದಿ ಸೀಕ್ರೆಟ್ ಆಫ್ ನಿಮ್’, 1986ರಲ್ಲಿ ‘ಆನ್ ಅಮೆರಿಕನ್ ಟೇಲ್’ ಬಂದವು. ಎರಡರಲ್ಲಿಯೂ ದೊಡ್ಡ ಲೋಕದ ಕಾಲ್ತುಳಿತದಲ್ಲಿ ಸಿಕ್ಕಿಕೊಂಡ ಪುಟ್ಟ ಪ್ರಾಣಿಗಳಿವೆ. ಪೇಟೆಯಲ್ಲಿ ಕಂಗಾಲಾಗಿ ನಿಂತ ಕತ್ತೆಯ ಕಣ್ಣುಗಳನ್ನು ನೋಡಿದವರಿಗೆ ಆ ಚಿತ್ರಗಳ ಇಲಿಗಳ ಗುರುತು ಹತ್ತುವುದು ಕಷ್ಟವಲ್ಲ. ‘ದಿ ಸ್ಮಾಲ್ ಒನ್’ನಲ್ಲಿ ಹುಡುಗನಿಗೆ ದನಿ ಕೊಟ್ಟ ಶಾನ್ ಮಾರ್ಷಲ್, ಆ ಚಿತ್ರಕ್ಕೆ ಒಂದು ವರ್ಷ ಮೊದಲು ‘ಪೀಟ್ಸ್ ಡ್ರ್ಯಾಗನ್’ ಚಿತ್ರದಲ್ಲಿ ಪೀಟ್ ಆಗಿ ನಟಿಸಿದ್ದ ಬಾಲಕ.

ಅಮ್ಮನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಇಂಗ್ಲಿಷ್ ಮಾತು ಅವರಿಗೆ ಅರ್ಥವಾಗುವುದಿಲ್ಲವಾದ್ದರಿಂದ ನಾನು ನಡುನಡುವೆ ಹೇಳುತ್ತಿದ್ದೆ. ಅರ್ಧಕ್ಕೆ ಬಂದ ಮೇಲೆ, ಸುಮ್ಮನಿರು, ಗೊತ್ತಾಗುತ್ತದೆ ಎಂದರು. ಅವರ ತವರು ಒಕ್ಕಲುತನದ ಮನೆ. ಸಾಕಿದ ಎತ್ತುಗಳನ್ನು ದನಗಳ ಜಾತ್ರೆಗೆ ಹೊಡೆದುಕೊಂಡು ಹೋದ ಅಪ್ಪ ಒಬ್ಬರೇ ಹಿಂದಿರುಗಿ ಬಂದ ಸಂಜೆಗಳನ್ನು ಅವರು ಬಾಲ್ಯದಲ್ಲಿ ಕಂಡಿದ್ದಾರೆ. ಅಂಥ ದಿನ ಅಜ್ಜನ ಹೆಗಲಿನ ಮೇಲೆ ಕಣ್ಣಿಹಗ್ಗ ಇರುತ್ತಿತ್ತಂತೆ. ದನವನ್ನು ಮಾರಿದರೂ ಅದರ ಹಗ್ಗವನ್ನು ಕೊಂಡವರ ಕೈಗೆ ಕೊಡದೆ ಬಿಚ್ಚಿಕೊಂಡು ಬರುವುದು ಆ ಕಡೆಯ ಪದ್ಧತಿ. ಹಗ್ಗದ ಜೊತೆಗೆ ಕೊಟ್ಟಿಗೆಯ ಭಾಗ್ಯವೂ ಹೊರಟುಹೋಗುತ್ತದೆ ಎಂಬ ನಂಬಿಕೆ.

ಚಿತ್ರ ಮುಗಿದು, ದೀಪ ಹಾಕಿ, ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಮ್ಮ ಕೇಳಿದ್ದು ನಕ್ಷತ್ರದ ವಿಷಯವನ್ನಲ್ಲ. “ಹಗ್ಗಾನೂ ಕೊಟ್ಟುಬಿಟ್ನಾ ಆ ಮಗು?” ಎಂದರು. ನಾನು ಗಮನಿಸಿರಲಿಲ್ಲ. ಗಮನಿಸಲಿಲ್ಲವೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋದಲಿಯ ಹತ್ತಿರ ಹೋಗಿ, ಎತ್ತಿನ ಹಿಂದೆ ನಿಂತಿದ್ದ ಕತ್ತೆಯನ್ನು ಎತ್ತಿ ಅದರ ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿದರು.