ಡಬಲ್ ನಾಣ್ಯಗಳಿಗೆ ಗಿರಾಕಿ ಹುಡುಕಿದ್ದು

ನಾಣ್ಯ ಕೂಡಿಡುವ ಯಾರ ಮನೆಗೆ ಹೋದರೂ ಆಲ್ಬಂಗಿಂತ ಬೇಗ ತುಂಬುವುದು ಡಬಲ್ ನಾಣ್ಯಗಳ ಡಬ್ಬ, ಅಂದರೆ ನಮ್ಮ ಹತ್ತಿರ ಇದ್ದದ್ದೇ ಮತ್ತೆ ಬಂದು ಸೇರಿದವು. ಬೇಕಾದ ಒಂದೇ ಒಂದು ನಾಣ್ಯಕ್ಕಾಗಿ ಇಡೀ ಲಾಟ್ ಕೊಳ್ಳುತ್ತೇವೆ. ಉಳಿದದ್ದೆಲ್ಲ ಡಬ್ಬಕ್ಕೆ. ಈ ಸಲ ದಸರಾ ರಜೆಯಲ್ಲಿ ಅದನ್ನು ಖಾಲಿ ಮಾಡಲೇಬೇಕು ಅಂತ ಕೂತೆ. ಆನ್‌ಲೈನ್‌ನಲ್ಲಿ ಮಾರುವುದು ಅಂತ ತೀರ್ಮಾನವಾಗಿತ್ತು. ಎಲ್ಲಿ ಅನ್ನುವುದೇ ಪ್ರಶ್ನೆ.

ಮೊದಲು ಏನೇನಿದೆ ಅಂತ ನೋಡಬೇಕಲ್ಲ. ಹಾಲ್‌ನಲ್ಲಿ ಹಳೇ ಪಂಚೆ ಹಾಸಿ ಸುರಿದೆ. 1968ರಿಂದ 1971ರವರೆಗೆ ಬಂದ, ಕಮಲದ ಹೂವಿನ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಗಳು. 1982ರ ಏಷ್ಯನ್ ಗೇಮ್ಸ್‌ನವು. 1989ರ ನೆಹರೂ ಶತಮಾನೋತ್ಸವದ ಒಂದು ರೂಪಾಯಿಗಳು. ಭಾರತದ ನಕ್ಷೆ ಇರುವ ಹನ್ನೊಂದು ಮೂಲೆಯ ಎರಡು ರೂಪಾಯಿಯಂತೂ ರಾಶಿ. ಭೂತಗನ್ನಡಿ ಹಿಡಿದು ಇಸವಿಯ ಕೆಳಗೆ ಇರುವ, ಯಾವ ಟಂಕಸಾಲೆಯಲ್ಲಿ ಅಚ್ಚಾಯಿತು ಅಂತ ಹೇಳುವ ಗುರುತು ನೋಡುತ್ತಾ ಒಂದೊಂದನ್ನೇ ಬೇರೆ ಮಾಡಿದೆ. ವಜ್ರದ ಗುರುತು ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ ಒಂದು ರೂಪಾಯಿಯ ಇಸವಿಯ ಕೆಳಗೆ ಸಾಸಿವೆಗಿಂತ ಸಣ್ಣದಾಗಿ ಇಂಗ್ಲಿಷಿನ ‘ಎಚ್’ ಅಕ್ಷರ ಸಿಕ್ಕಿತು. ಅದು ಹೈದರಾಬಾದ್ ಅಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆ. ಆಗ ನಮ್ಮಲ್ಲಿ ಚಿಲ್ಲರೆಗೆ ಬರ. ಹೊರದೇಶದಲ್ಲಿ ಅಚ್ಚು ಹಾಕಿಸಿ ತರಿಸಿದ್ದರು.

ಇಂಥದ್ದನ್ನು ಕಂಡರೆ ಕಣ್ಣರಳಿಸುವ ಗಿರಾಕಿ ಎಲ್ಲಿದ್ದಾರೆ? ಜಾಗ ಆರಿಸಲು ನನಗಿದ್ದ ಅಳತೆ ಇದೊಂದೇ.

2018ಕ್ಕೆ ಮುಂಚೆ ಆಗಿದ್ದರೆ ಇಷ್ಟು ಯೋಚನೆ ಇರುತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಇಬೇ ಇಂಡಿಯಾ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲೇ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಅದು ಮುಚ್ಚಿತು. ಹಾಗಾಗಿ ಹಳೇ ಸೋಫಾ, ಬೈಕು ಎಲ್ಲ ಮಾರುವ ಒಂದು ಆ್ಯಪ್‌ನಲ್ಲಿ ಎರಡು ರೂಪಾಯಿಗಳ ಫೋಟೊ ಹಾಕಿ ನೋಡಿದೆ. ಸಂಜೆಯೊಳಗೆ ಫೋನ್ ಶುರುವಾಯಿತು. ಕೊಳ್ಳುವವರದಲ್ಲ, ಮಾರುವವರದು! ಹಾವೇರಿ ಕಡೆಯ ಹಿರಿಯರೊಬ್ಬರು, “ಸಾರ್, ನಮ್ಮ ಹತ್ರ ವೈಷ್ಣೋದೇವಿ ಐದು ರೂಪಾಯಿ ಐತ್ರಿ. ಹತ್ತು ಲಕ್ಷ ಬರ್ತದಂತ ವಿಡಿಯೋದಾಗ ತೋರ್ಸ್ಯಾರ. ನೀವು ಎಷ್ಟಕ್ಕ ತಗೋತೀರಿ?” ಅಂದರು. ಅದು 2012ರ ನಾಣ್ಯ. ಮೊನ್ನೆ ಮೊನ್ನೆವರೆಗೂ ಕಿರಾಣಿ ಅಂಗಡಿಯ ಚಿಲ್ಲರೆಯಲ್ಲಿ ಸಿಗುತ್ತಿತ್ತು. ನಿಧಾನವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ರಿಜಿಸ್ಟ್ರೇಷನ್ ಅಂತ ರೊಕ್ಕ ಕಟ್ಟೀನಲ್ರೀ” ಅಂದರು.

ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ಅಂಥ ವ್ಯವಹಾರ ನಾವು ಮಾಡುವುದೇ ಇಲ್ಲ ಅಂತ. ಆ ಮಾತು ಹಳ್ಳಿ ತಲುಪಲಿಲ್ಲ, ವಿಡಿಯೋ ತಲುಪಿತು. ಇನ್ನು ದುಡ್ಡು ಕಟ್ಟಬೇಡಿ, ಕಟ್ಟಿದ್ದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ ಅಂದೆ. ನಂಬರ್ ಎರಡು ಸಲ ಕೇಳಿ ಬರೆದುಕೊಂಡರು.

ಅದಾದ ಮೇಲೆ ಬಂದ ಫೋನ್ ಬೇರೆ ಥರ. ರೇಟೂ ಕೇಳದೆ ಎಲ್ಲ ತಗೋತೀನಿ ಅಂದ. “ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ.” ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಹಾಕಿದರೆ ನಮ್ಮ ದುಡ್ಡು ಹೋಗುತ್ತದೆ ಅಷ್ಟೆ. ಫೋನ್ ಇಟ್ಟೆ, ಜಾಹೀರಾತೂ ತೆಗೆದೆ.

ಹೊರದೇಶದ ಇಬೇ ಒಂದು ವಿಷಯಕ್ಕೆ ತುಂಬಾ ಉಪಯೋಗಕ್ಕೆ ಬಂತು. ಮಾರಾಟವಾದವು ಮಾತ್ರ ತೋರಿಸು ಅಂತ ಕೇಳಿದರೆ, ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ಕಾಣುತ್ತದೆ. ಐನೂರು ಅಂತ ಬೋರ್ಡ್ ಹಾಕಿಕೊಂಡು ವರ್ಷಗಟ್ಟಲೆ ಕೂತಿರುವುದು ಬೆಲೆ ಅಲ್ಲ, ಆಸೆ. ಆದರೆ ಮಾರಲು ಆ ಜಾಗ ನನಗೆ ಹೊಂದಲಿಲ್ಲ. ಅವರ ಪಾಲು, ಹೊರದೇಶದ ಅಂಚೆ ಖರ್ಚು ಕಳೆದರೆ ನನ್ನ ಎರಡು ರೂಪಾಯಿಗಳಿಗೆ ಏನೂ ಉಳಿಯುವುದಿಲ್ಲ. ಡಬ್ಬದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳೂ ಇದ್ದವು, ಕನ್ನಡದಲ್ಲಿ ‘ಮಯಿಲಿ ಕಾಸು’ ಅಂತ ಬರೆದವು. ಅವನ್ನು ಕಳಿಸುವ ಮಾತೇ ಇಲ್ಲ. 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ನಾವು ನಾವೇ ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಇಂಥವಕ್ಕೆ ಪರವಾನಗಿ ಇರುವ ಹರಾಜು ಸಂಸ್ಥೆಯೇ ಸರಿ. ಬೆಂಗಳೂರಿನಲ್ಲೇ ಮರುಧರ್ ಆರ್ಟ್ಸ್ ಇದೆ. ಕಮಿಷನ್ ಹೋದರೂ ಕ್ಯಾಟಲಾಗ್‌ನಲ್ಲಿ ಸರಿಯಾದ ವಿವರದ ಜೊತೆ ಬರುತ್ತದೆ, ನಿಜವಾಗಿ ಬೇಕಾದವರ ಕೈಗೆ ಹೋಗುತ್ತದೆ.

ವಿನಿಮಯಕ್ಕೆ ನ್ಯೂಮಿಸ್ಟಾ ಅನ್ನುವ ಸಂಗ್ರಹಕಾರರ ವೆಬ್‌ಸೈಟ್ ಚೆನ್ನಾಗಿದೆ. ನಮಗೆ ಬೇಕಾದದ್ದು ಯಾರ ಹತ್ತಿರ ಹೆಚ್ಚಿಗೆ ಇದೆ ಅಂತ ಅದೇ ತೋರಿಸುತ್ತದೆ. ಆದರೆ ಆ ಹೊತ್ತಿಗೆ ನನಗೆ ಬೇಕಿದ್ದದ್ದು ಇನ್ನಷ್ಟು ನಾಣ್ಯ ಅಲ್ಲ.

ಕೊನೆಗೆ ಸಾಮಾನ್ಯ ನಾಣ್ಯಗಳಿಗೆ ಆರಿಸಿದ್ದು ಸಂಗ್ರಹಕಾರರದೇ ಒಂದು ವಾಟ್ಸ್‌ಆ್ಯಪ್ ಗುಂಪು. ಬೆಂಗಳೂರಿನ ನಾಣ್ಯ ಪ್ರದರ್ಶನದಲ್ಲಿ ಪರಿಚಯವಾದವರು ಸೇರಿಸಿದ್ದು. ಯಾರಾದರೂ ಪರಿಚಯ ಹೇಳದೆ ಒಳಗೆ ಬಿಡುವುದಿಲ್ಲ. ಮೋಸ ಮಾಡಿದವರನ್ನು ಅವತ್ತೇ ತೆಗೆಯುತ್ತಾರೆ. ಅಲ್ಲೂ ಬಿಡಿಬಿಡಿಯಾಗಿ ಮಾರಿದರೆ ನಾಣ್ಯಕ್ಕಿಂತ ಅಂಚೆ ಖರ್ಚೇ ಜಾಸ್ತಿ. ಅದಕ್ಕೆ ಒಂದೇ ಇಸವಿಯ ಎರಡು ರೂಪಾಯಿಯನ್ನು ನಾಲ್ಕೂ ಟಂಕಸಾಲೆಯಿಂದ ಒಂದೊಂದು ಆರಿಸಿ ಸೆಟ್ ಮಾಡಿದೆ. ಎರಡೂ ಮುಖದ ಫೋಟೊ, ಬಿಸಿಲಿನ ಬೆಳಕಿನಲ್ಲಿ, ಗೀರು ಇದ್ದದ್ದು ಇದ್ದ ಹಾಗೆ. ಹೊಳಪಿಗೆ ಹುಣಸೆಹಣ್ಣು ಉಜ್ಜುವ ಕೆಲಸ ಬೇಡವೇ ಬೇಡ. ತೊಳೆದ ನಾಣ್ಯವನ್ನು ಬಲ್ಲವರು ಒಂದೇ ನೋಟದಲ್ಲಿ ಕಂಡುಹಿಡಿದು ಪಕ್ಕಕ್ಕೆ ಇಡುತ್ತಾರೆ.

ಕಲಬುರಗಿಯ ಮೇಷ್ಟ್ರೊಬ್ಬರು ಸೆಟ್‌ಗಳ ಜೊತೆ ಎಚ್ ಗುರುತಿನ ರೂಪಾಯಿಯನ್ನೂ ಕೇಳಿದರು. ಚೌಕಾಸಿ ಇಲ್ಲ. ದುಡ್ಡು ಮೊದಲೇ ಬಂತು. ನಾಣ್ಯ ಅಲುಗಾಡದ ಹಾಗೆ ರಟ್ಟಿನ ನಡುವೆ ಅಂಟಿಸಿ ಸ್ಪೀಡ್ ಪೋಸ್ಟ್ ಮಾಡಿದೆ. ತಲುಪಿದ ದಿನವೇ ಫೋನ್ ಮಾಡಿ, “ಸರ್, ಈ ಎಚ್ ನೋಡಿ ನಮ್ಮ ಹುಡುಗರು ಇದು ಹೈದರಾಬಾದ್ ಅಂತ ವಾದ ಮಾಡ್ತಿದ್ದಾರೆ” ಅಂದರು. ಬರ್ಮಿಂಗ್‌ಹ್ಯಾಮ್ ಕಥೆ ಹೇಳಿದೆ. ಹಾಗಾದರೆ ಹೈದರಾಬಾದಿನ ನಕ್ಷತ್ರ ಇರುವ ಇನ್ನಷ್ಟು ಕಳಿಸಿ, ಎರಡನ್ನೂ ಪಕ್ಕದಲ್ಲಿಟ್ಟು ತೋರಿಸುತ್ತೇನೆ ಅಂದರು. ಅವನ್ನು ಎತ್ತಿಟ್ಟಿದ್ದೇನೆ. ಮಯಿಲಿ ಕಾಸುಗಳನ್ನು ತೆಗೆದುಕೊಂಡು ಮುಂದಿನ ತಿಂಗಳು ಬೆಂಗಳೂರಿಗೆ ಹೋಗಬೇಕು.