ಕ್ರ್ಯಾಂಕ್ ಇರುವ ಆ ಹಳದಿ ಡಬ್ಬಿ ಕೊಳ್ಳಬೇಕಾ, ಬೇಡವಾ?

ಮೂರು ತಿಂಗಳಿಂದ ತಲೆಯಲ್ಲಿ ಇದೊಂದೇ ಓಡುತ್ತಿತ್ತು. ಪ್ಲೇಡೇಟ್ ಕೊಳ್ಳಲಾ, ಬಿಡಲಾ?

ಇದನ್ನು ನೋಡದವರಿಗಾಗಿ ಮೊದಲು ಹೇಳಿಬಿಡುತ್ತೇನೆ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಕನ್ಸೋಲ್ ಇದು, ಅಂಗೈಯಲ್ಲಿ ಕೂರುವ ಹಳದಿ ಬಣ್ಣದ ಚೌಕ ಡಬ್ಬಿ. ಕಪ್ಪು-ಬಿಳುಪು ಸ್ಕ್ರೀನ್, ನಾಲ್ಕು ದಿಕ್ಕಿಗೂ ಒತ್ತಬಹುದಾದ ಒಂದು ಡಿ-ಪ್ಯಾಡ್, ಎ ಮತ್ತು ಬಿ ಅಂತ ಎರಡು ಬಟನ್, ಬಲಗಡೆ ಪಕ್ಕದಲ್ಲಿ ಮಡಚಿ ಒಳಗೆ ಕೂರಿಸಬಹುದಾದ ಪುಟ್ಟ ಕ್ರ್ಯಾಂಕ್. ಹೌದು, ಕೈಯಿಂದ ತಿರುಗಿಸುವ ಹಿಡಿಯೇ. ಅದನ್ನು ತಿರುಗಿಸಿದರೆ ಬ್ಯಾಟರಿ ಚಾರ್ಜ್ ಆಗುತ್ತಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಆಗುವುದಿಲ್ಲ. ಅದು ಇರುವುದು ಆಟ ಆಡೋಕೆ.

ಇದನ್ನು ಮಾಡಿದ್ದು ಪ್ಯಾನಿಕ್ ಅನ್ನುವ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಣ್ಣ ಕಂಪನಿ. ಮ್ಯಾಕ್ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಮಾಡಿಕೊಂಡಿದ್ದವರು, ಆಮೇಲೆ ಫೈರ್‌ವಾಚ್ ಅನ್ನುವ ಆಟವನ್ನು ಪ್ರಕಟಿಸಿದರು, 2019ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ನಾವೇ ಒಂದು ಕನ್ಸೋಲ್ ಮಾಡುತ್ತಿದ್ದೇವೆ ಅಂತ ಹೇಳಿದರು. ವಿನ್ಯಾಸದಲ್ಲಿ ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಅನ್ನುವ ಕಂಪನಿ ಜೊತೆಗಿತ್ತು, ಕ್ರ್ಯಾಂಕ್ ಐಡಿಯಾ ಅವರದೇ. 2021ರ ಜುಲೈನಲ್ಲಿ ಬುಕಿಂಗ್ ತೆರೆದಾಗ ಮೊದಲ 20,000 ಡಬ್ಬಿಗಳು ಸುಮಾರು 20 ನಿಮಿಷದಲ್ಲಿ ಖಾಲಿಯಾದವು. ಆಮೇಲೆ ಬ್ಯಾಟರಿ ತೊಂದರೆ ಕಾಣಿಸಿಕೊಂಡು, ತಯಾರಾಗಿದ್ದ ಮೊದಲ ಕಂತನ್ನೇ ವಾಪಸ್ ಕಳಿಸಿ ಬ್ಯಾಟರಿ ಬದಲಾಯಿಸಿದರು. ಹಾಗಾಗಿ ಜನರ ಕೈಗೆ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ. ಆಗ ಬೆಲೆ 179 ಡಾಲರ್. ಮುಂದಿನ ವರ್ಷ ಅದು 199 ಆಯಿತು.

ಬೆಲೆ ಕೇಳಿದರೆ ಯಾರಿಗಾದರೂ ಒಂದು ಕ್ಷಣ ಅನುಮಾನ ಬರುತ್ತದೆ. ಇಷ್ಟು ದುಡ್ಡಿಗೆ ಬಣ್ಣವಿಲ್ಲದ ಸ್ಕ್ರೀನಾ? ನನಗೂ ಬಂತು. ಅದಕ್ಕಿಂತ ಜಾಸ್ತಿ ಹೆದರಿಕೆ ಹುಟ್ಟಿಸಿದ್ದು ನನ್ನ ಹಳೇ ಅನುಭವ. ಕೆಲವು ವರ್ಷದ ಹಿಂದೆ ಹಳೇ ಕಾಲದ ಆಟಗಳನ್ನು ಸಾವಿರಾರು ಸಂಖ್ಯೆಯಲ್ಲಿ ತುಂಬಿಸಿ ಮಾರುವ ಒಂದು ಹ್ಯಾಂಡ್‌ಹೆಲ್ಡ್ ತಗೊಂಡಿದ್ದೆ. ಮೊದಲ ದಿನ ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದೆ. ಏನು ಮಾಡಿದೆ ಗೊತ್ತಾ? ಒಂದು ಆಟ ತೆರೆಯುವುದು, ಐದು ನಿಮಿಷ ನೋಡುವುದು, ಮುಚ್ಚುವುದು, ಇನ್ನೊಂದು ತೆರೆಯುವುದು. ಮೂರನೇ ವಾರಕ್ಕೆ ಅದು ಡ್ರಾಯರ್ ಸೇರಿತು. ಅದರಲ್ಲಿ ಒಂದೇ ಒಂದು ಆಟವನ್ನೂ ನಾನು ಕೊನೆಯವರೆಗೆ ಆಡಲಿಲ್ಲ. ಆಟಗಳ ತಪ್ಪೇನಿಲ್ಲ, ಅವು ನಿಜಕ್ಕೂ ಒಳ್ಳೆಯ ಆಟಗಳೇ. ಆದರೆ ಸಾವಿರ ಆಟ ಮುಂದೆ ಇದ್ದಾಗ ಯಾವುದರ ಜೊತೆಗೂ ಕೂರೋಕೆ ಮನಸ್ಸಾಗುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಾಯಿತು.

ಅದಕ್ಕೇ ಈ ಸಲ ಆತುರ ಮಾಡಲಿಲ್ಲ. ಗೆಳತಿಯೊಬ್ಬಳ ಹತ್ತಿರ ಪ್ಲೇಡೇಟ್ ಇತ್ತು. ಕೇಳಿದೆ. "ಎರಡು ವಾರ ಇಟ್ಟುಕೋ, ಕ್ರ್ಯಾಂಕ್ ಮಾತ್ರ ಮುರೀಬೇಡ" ಅಂದಳು.

ಕೈಗೆ ತಗೊಂಡಾಗ ಮೊದಲು ಗಮನಕ್ಕೆ ಬಂದಿದ್ದು ಅದರ ಹಗುರ. 86 ಗ್ರಾಂ. ಅಗಲ 76 ಮಿಲಿಮೀಟರ್, ಎತ್ತರ 74, ದಪ್ಪ ಬರೀ 9. ಶರ್ಟಿನ ಜೇಬಿನಲ್ಲಿ ಹಾಕಿಕೊಂಡರೆ ಇದೆ ಅಂತಲೇ ಮರೆತುಹೋಗುತ್ತದೆ. ಕೈ ದೊಡ್ಡದಿರುವವರಿಗೆ ಇದೇ ತೊಂದರೆಯೂ ಹೌದು. ಅರ್ಧ ಗಂಟೆ ಆಡಿದ ಮೇಲೆ ನನ್ನ ಎಡಗೈ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತಿತ್ತು, ಯಾಕೆಂದರೆ ಬಲಗೈ ಕ್ರ್ಯಾಂಕ್ ತಿರುಗಿಸುವಾಗ ಇಡೀ ಡಬ್ಬಿಯನ್ನು ಎಡಗೈ ಒಂದೇ ಗಟ್ಟಿಯಾಗಿ ಹಿಡಿದಿರಬೇಕು.

ಇನ್ನು ಸ್ಕ್ರೀನ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಕೊಳ್ಳುವುದೋ ಬಿಡುವುದೋ ಅನ್ನುವುದರಲ್ಲಿ ಅರ್ಧ ಮಾತು ಇಲ್ಲೇ ಇರುವುದು.

2.7 ಇಂಚಿನ ಸ್ಕ್ರೀನ್, ಅಡ್ಡಕ್ಕೆ 400, ಉದ್ದಕ್ಕೆ 240 ಪಿಕ್ಸೆಲ್. ಒಂದೊಂದು ಪಿಕ್ಸೆಲ್ಲೂ ಕಪ್ಪು, ಇಲ್ಲಾ ಬಿಳಿ. ನಡುವೆ ಬೂದು ಬಣ್ಣ ಅನ್ನುವುದೇ ಇಲ್ಲ. ನಿಂಟೆಂಡೋ ಕಂಪನಿಯ 1989ರ ಕೈ ಕನ್ಸೋಲ್ ಗೇಮ್ ಬಾಯ್‌ನಲ್ಲೂ ನಾಲ್ಕು ಛಾಯೆ ಇದ್ದವು, ಇದರಲ್ಲಿ ಎರಡೇ. ಆದರೆ ಗೇಮ್ ಬಾಯ್ ಸ್ಕ್ರೀನ್ 160×144 ಪಿಕ್ಸೆಲ್ ಮಾತ್ರ, ಹಾಗಾಗಿ ಇದರಲ್ಲಿ ಗೆರೆಗಳು ಎಷ್ಟು ಚೂಪಾಗಿ ಕಾಣುತ್ತವೆ ಅಂದರೆ ಕಾಗದದ ಮೇಲೆ ಅಚ್ಚು ಹಾಕಿದ ಹಾಗೆ. ಬೂದು ಬೇಕಾದಾಗ ಆಟ ಮಾಡುವವರು ಕಪ್ಪು ಬಿಳಿ ಚುಕ್ಕೆಗಳನ್ನು ಹತ್ತಿರ ಹತ್ತಿರ ಜೋಡಿಸುತ್ತಾರೆ, ಹಳೇ ಪತ್ರಿಕೆಗಳ ಫೋಟೋದಲ್ಲಿ ಇರುತ್ತಿತ್ತಲ್ಲ, ಹಾಗೆ. ನಿಂತ ಚಿತ್ರದಲ್ಲಿ ಅದು ತುಂಬಾ ಚೆಂದ. ಚಿತ್ರ ಓಡತೊಡಗಿದರೆ ಮಾತ್ರ ಆ ಚುಕ್ಕೆಗಳು ಮಿಣಮಿಣ ಅಂತ ಕಣ್ಣಿಗೆ ಹೊಡೆಯುತ್ತವೆ. ಒಳ್ಳೆಯ ಆಟಗಳು ಇದನ್ನು ತಿಳಿದೇ ಮಾಡಿರುತ್ತವೆ, ಓಡುವ ವಸ್ತುಗಳನ್ನು ಅಚ್ಚ ಕಪ್ಪಿನಲ್ಲೋ ಅಚ್ಚ ಬಿಳಿಯಲ್ಲೋ ಬರೆದಿರುತ್ತಾರೆ.

ಇದು ಶಾರ್ಪ್ ಕಂಪನಿಯ ಮೆಮೊರಿ ಎಲ್‌ಸಿಡಿ. ಪ್ರತಿ ಪಿಕ್ಸೆಲ್ ತಾನು ಕಪ್ಪೋ ಬಿಳಿಯೋ ಅನ್ನುವುದನ್ನು ತಾನೇ ನೆನಪಿಟ್ಟುಕೊಳ್ಳುತ್ತದೆ. ಚಿತ್ರ ಬದಲಾಗದಿದ್ದರೆ ಕರೆಂಟ್ ಹೆಚ್ಚುಕಡಿಮೆ ಬೇಕಾಗುವುದೇ ಇಲ್ಲ. ಲಾಕ್ ಮಾಡಿಟ್ಟರೆ ಸ್ಕ್ರೀನ್ ಮೇಲೆ ಗಡಿಯಾರ ತೋರಿಸುತ್ತಾ ಕೂತಿರುತ್ತದೆ. ಹಾಗೇ ಬಿಟ್ಟರೆ 14 ದಿನ ಬರುತ್ತದೆ, ಆಡುತ್ತಿದ್ದರೆ 8 ಗಂಟೆ ಅಂತ ಕಂಪನಿ ಹೇಳುತ್ತದೆ. ನಾನು ಎರಡು ವಾರದಲ್ಲಿ ಮೂರು ಸಲ ಚಾರ್ಜ್ ಹಾಕಿದೆ.

ಮತ್ತೆ, ಬ್ಯಾಕ್‌ಲೈಟ್, ಅಂದರೆ ಸ್ಕ್ರೀನಿಗೆ ಹಿಂದಿನಿಂದ ಬೀಳುವ ಬೆಳಕು, ಇಲ್ಲ. ಒಂಚೂರೂ ಇಲ್ಲ. ಬಿಸಿಲಿನಲ್ಲಿ ಕೂತರೆ ಈ ಸ್ಕ್ರೀನಿನಷ್ಟು ಚೆನ್ನಾಗಿ ಕಾಣುವ ಇನ್ನೊಂದು ಸ್ಕ್ರೀನ್ ನಾನು ನೋಡಿಲ್ಲ. ಕಿಟಕಿ ಪಕ್ಕ ಕೂತರೂ ಸರಿ. ಸಂಜೆ ಕೋಣೆಯ ದೀಪದಲ್ಲಿ ಮಾತ್ರ ಡಬ್ಬಿಯನ್ನು ಆ ಕಡೆ ಈ ಕಡೆ ಓರೆ ಮಾಡಿ, ದೀಪದ ಬೆಳಕು ಎಲ್ಲಿ ಬೀಳುತ್ತದೆ ಅಂತ ಹುಡುಕಬೇಕು. ರಾತ್ರಿ ಹಾಸಿಗೆಯಲ್ಲಿ ಮಲಗಿ ಆಡುವುದು ಆಗದ ಮಾತು. ನಿಮಗೆ ಆಟ ಆಡೋಕೆ ಸಿಗುವ ಸಮಯ ದೀಪ ಆರಿಸಿದ ಮೇಲೆ ಮಾತ್ರ ಅಂತಾದರೆ ಇದನ್ನು ಕೊಳ್ಳಬೇಡಿ. ಇದೊಂದು ಮಾತು ನಾನು ಖಂಡಿತವಾಗಿ ಹೇಳಬಲ್ಲೆ.

ಹಾಗಂತ ಬ್ಯಾಕ್‌ಲೈಟ್ ಬಿಟ್ಟಿದ್ದು ಯೋಚನೆ ಇಲ್ಲದೆ ಮಾಡಿದ ಕೆಲಸವಲ್ಲ. ನಿಂಟೆಂಡೋದಲ್ಲಿದ್ದ ಗುನ್‌ಪೇ ಯೊಕೊಯ್, 1980ರ ಗೇಮ್ ಅಂಡ್ ವಾಚ್ ಮಾಡಿದವರು, ಗೇಮ್ ಬಾಯ್ ಹಿಂದೆ ಇದ್ದವರು, ಅವರದೊಂದು ದಾರಿ ಇತ್ತು: ಎಲ್ಲರಿಗೂ ಹಳತಾಗಿ ಕಾಣುವ, ಅಗ್ಗವಾದ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನೇ ತಗೊಂಡು ಯಾರೂ ಬಳಸದ ರೀತಿಯಲ್ಲಿ ಬಳಸುವುದು. 1990ರಲ್ಲಿ ಸೇಗಾ ಗೇಮ್ ಗಿಯರ್ ತಂದಾಗ ಅದರಲ್ಲಿ ಬಣ್ಣ ಇತ್ತು, ಬ್ಯಾಕ್‌ಲೈಟ್ ಇತ್ತು. ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆಯಲ್ಲಿ ಮುಗಿದುಹೋಗುತ್ತಿತ್ತು. ನಾಲ್ಕು ಸೆಲ್ಲಿನ ಮಂಕು ಸ್ಕ್ರೀನಿನ ಗೇಮ್ ಬಾಯ್ ಅದಕ್ಕಿಂತ ಎಷ್ಟೋ ಹೊತ್ತು ಬಂತು, ಗೆದ್ದಿದ್ದೂ ಅದೇ. ಪ್ಲೇಡೇಟ್ ಹಿಡಿದಿರುವುದು ಇದೇ ದಾರಿ ಅಂತ ನನಗೆ ಅನ್ನಿಸುತ್ತದೆ.

ಆಟಗಳಿಗೆ ಬರೋಣ. ಡಬ್ಬಿ ಕೊಂಡರೆ ಮೊದಲ ಸೀಸನ್ನಿನ 24 ಆಟಗಳು ಅದರ ಜೊತೆಗೇ ಬರುತ್ತವೆ, ಬೇರೆ ದುಡ್ಡಿಲ್ಲ. ವಾರಕ್ಕೆ ಎರಡರಂತೆ 12 ವಾರ ಕೊಡುವುದು ಅಂತ ಅವರು ಯೋಚಿಸಿದ್ದೇ ಹಾಗೆ. ನನ್ನ ಡ್ರಾಯರಿನ ಕಥೆ ಓದಿದಿರಲ್ಲ, ಈ ವಾರಕ್ಕೆರಡು ಅನ್ನುವುದು ನನ್ನಂಥವರಿಗೆ ಎಷ್ಟು ಹೊಂದುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಗೆಳತಿಯ ಡಬ್ಬಿಯಲ್ಲಿ ಎಲ್ಲ ಬಂದು ಕೂತಿದ್ದವು, ಆದರೂ ನಾನು ಬೇಕಂತಲೇ ವಾರಕ್ಕೆ ಎರಡೇ ಆಡಿದೆ.

ಮೊದಲು ಆಡಿದ್ದು ಕ್ರ್ಯಾಂಕಿನ್ಸ್ ಟೈಮ್ ಟ್ರಾವೆಲ್ ಅಡ್ವೆಂಚರ್. ಕಟಮಾರಿ ಡಮಾಸಿ ಅನ್ನುವ ಆಟ ಮಾಡಿದ ಕೇಟಾ ತಕಾಹಶಿ ಇದರಲ್ಲಿದ್ದಾರೆ. ಗೆಳತಿಯನ್ನು ನೋಡೋಕೆ ತಡವಾಗಿ ಓಡುವ ಒಂದು ರೋಬೋ, ಅವನ ಸಮಯ ನಮ್ಮ ಕ್ರ್ಯಾಂಕಿನಲ್ಲಿದೆ. ಮುಂದೆ ತಿರುಗಿಸಿದರೆ ನಡೆಯುತ್ತಾನೆ, ಬಗ್ಗಿ ಹೂ ಮೂಸುತ್ತಾನೆ, ಹಿಂದೆ ತಿರುಗಿಸಿದರೆ ಮಾಡಿದ್ದೆಲ್ಲ ಹಿಂದಕ್ಕೆ. ಆದರೆ ಎದುರಿಗೆ ಬರುವ ಚಿಟ್ಟೆಗೆ ನಮ್ಮ ಕ್ರ್ಯಾಂಕಿನ ಹಂಗಿಲ್ಲ, ಅದು ತನ್ನ ಪಾಡಿಗೆ ಬರುತ್ತದೆ. ಅದು ತಲೆಯ ಮೇಲೆ ಹಾದುಹೋಗುವ ಹೊತ್ತಿಗೆ ಇವನು ಸರಿಯಾಗಿ ಬಗ್ಗಿರಬೇಕು. ಬಟನ್ನಿನಲ್ಲಿ ಈ ಆಟ ಆಡೋಕೆ ಸಾಧ್ಯವೇ ಇಲ್ಲ. ಸಮಯವನ್ನು ಬೆರಳಿನಲ್ಲಿ ಹಿಡಿದು ಒಂದು ಕೂದಲೆಳೆ ಹಿಂದೆ, ಒಂದು ಕೂದಲೆಳೆ ಮುಂದೆ ಎಳೆಯುವುದು ಅಂದರೆ ಏನು ಅಂತ ಅಲ್ಲೇ ಗೊತ್ತಾಗುವುದು.

ಕ್ಯಾಶುಯಲ್ ಬರ್ಡರ್‌ನಲ್ಲಿ ಹಕ್ಕಿಗಳ ಫೋಟೋ ತೆಗೆಯಬೇಕು, ಕ್ರ್ಯಾಂಕ್ ತಿರುಗಿಸಿ ಫೋಕಸ್ ಮಾಡಬೇಕು. ಲ್ಯಾಂಟರ್ನ್ ಹಿಡಿದು ಕತ್ತಲಲ್ಲಿ ಓಡಾಡುವ ರ‍್ಯಾಚೆಟೀರ್‌ನಲ್ಲಿ ದೀಪಕ್ಕೆ ಕ್ರ್ಯಾಂಕಿನಿಂದಲೇ ಜೀವ ತುಂಬಬೇಕು. ಆಮೇಲೆ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕಾದ ಮಾರ್ಸ್ ಆಫ್ಟರ್ ಮಿಡ್‌ನೈಟ್ ಇದೆ, ಲ್ಯೂಕಸ್ ಪೋಪ್ ಮಾಡಿದ್ದು, 2024ರದು. ಬಾಗಿಲು ತಟ್ಟುತ್ತಾರೆ, ನಾವು ಕ್ರ್ಯಾಂಕ್ ತಿರುಗಿಸಿ ಇಣುಕುಕಿಂಡಿ ತೆರೆದು ಯಾರು ಅಂತ ನೋಡಬೇಕು. ಎಷ್ಟು ಚಿಕ್ಕ ಕೆಲಸ! ಆದರೆ ಪ್ರತಿ ಸಲ ಕಿಂಡಿ ತೆರೆಯುವಾಗ ಕೈಗೆ ಒಂದು ಖುಷಿ ಸಿಗುತ್ತದೆ.

24 ಆಟವೂ ಚೆನ್ನಾಗಿವೆ ಅಂತ ಹೇಳಲ್ಲ. ನಾನು ಆಡಿದವುಗಳಲ್ಲೇ ಒಂದಕ್ಕೆ ಕ್ರ್ಯಾಂಕ್ ಸುಮ್ನೆ ಅಂಟಿಸಿದ ಹಾಗಿತ್ತು. ದೊಡ್ಡ ಕಥೆ, ದೊಡ್ಡ ಜಗತ್ತು, ನೂರು ಗಂಟೆ ಮುಳುಗಿ ಹೋಗುವ ಆಟ ಬೇಕು ಅನ್ನುವವರಿಗೆ ಇಲ್ಲಿ ಸಿಗುವುದು ಕಡಿಮೆ. ಹತ್ತು ಹದಿನೈದು ನಿಮಿಷದ ಬಿಡುವಿಗೆ ಸಿಗುವುದು ಜಾಸ್ತಿ.

ಇನ್ನೊಂದು ವಿಷಯ. ಹಳೇ ಆಟಗಳನ್ನೇ ಮತ್ತೆ ಆಡಬೇಕು ಅನ್ನುವ ಆಸೆ ನಿಮಗಿದ್ದರೆ ಪ್ಲೇಡೇಟ್ ನಿಮ್ಮದಲ್ಲ. ನಿಮ್ಮ ಹತ್ತಿರ ಗೇಮ್ ಬಾಯ್ ಕಾರ್ಟ್ರಿಜ್‌ಗಳು ಉಳಿದಿದ್ದರೆ ಅನಲಾಗ್ ಪಾಕೆಟ್ ನೋಡಿ. 2021ರ ಕೊನೆಗೆ ಬಂದದ್ದು, ಎಫ್‌ಪಿಜಿಎ ಅನ್ನುವ, ಒಳಗಿನ ಸರ್ಕ್ಯೂಟನ್ನೇ ಬೇಕಾದ ಹಾಗೆ ಜೋಡಿಸಬಹುದಾದ ಚಿಪ್ಪಿನಲ್ಲಿ ಹಳೇ ಹಾರ್ಡ್‌ವೇರಿನ ನಡವಳಿಕೆಯನ್ನೇ ಕಟ್ಟುತ್ತದೆ. ಅದರ ಸ್ಕ್ರೀನ್ 1600×1440, ಅಂದರೆ ಗೇಮ್ ಬಾಯ್‌ನ ಅಡ್ಡ ಉದ್ದ ಎರಡನ್ನೂ ಸರಿಯಾಗಿ ಹತ್ತು ಪಟ್ಟು ಮಾಡಿದ್ದು. ನಿಮ್ಮ ಹತ್ತಿರ ಹಳೇ ಕಾರ್ಟ್ರಿಜ್ ಇಲ್ಲ, ಆದರೆ ಹಳೇ ಆಟಗಳನ್ನು ಹಕ್ಕು ಪಡೆದು ಮಾಡಿದ ಸಂಗ್ರಹಗಳನ್ನು ಕಪಾಟಿನಲ್ಲಿ ಜೋಡಿಸಿಡುವ ಇಷ್ಟ ಇದೆ ಅಂದರೆ ಎವರ್‌ಕೇಡ್ ಇದೆ. ಪ್ಲೇಡೇಟ್‌ನಲ್ಲಿ ಹಳತಾಗಿರುವುದು ಅದರ ಮಿತಿಗಳು ಮಾತ್ರ, ಆಟಗಳೆಲ್ಲ ಹೊಸವು.

ಎರಡು ವಾರ ಮುಗಿಯಿತು, ವಾಪಸ್ ಕೊಟ್ಟೆ. ಆಡೋಕೆ ಮಾತ್ರ ಅಂತಾದರೆ ನನ್ನ ಲೆಕ್ಕ ಇನ್ನೂ ಸರಿಹೋಗಿರಲಿಲ್ಲ. ಎರವಲು ತಗೊಂಡು ಆಡಿದ್ದೇ ಸಾಕು ಅನ್ನಿಸುವ ಹಾಗಿತ್ತು.

ಆದರೆ ಪ್ಯಾನಿಕ್‌ನವರು ಆಟ ಮಾಡುವ ಸಲಕರಣೆಯನ್ನೆಲ್ಲ ಪುಕ್ಕಟೆ ಕೊಡುತ್ತಾರೆ. ಡಬ್ಬಿ ಕೊಂಡಿರಲೇಬೇಕು ಅಂತೇನಿಲ್ಲ. ಲೂವಾ ಅಥವಾ ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯೋಕೆ ಎಸ್‌ಡಿಕೆ ಅನ್ನುವ ಸಲಕರಣೆ ಇದೆ, ಕಂಪ್ಯೂಟರಿನಲ್ಲೇ ಓಡಿಸಿ ನೋಡೋಕೆ ಸಿಮ್ಯುಲೇಟರ್ ಇದೆ, ಇದೆಲ್ಲ ಬೇಡ ಅನ್ನುವವರಿಗೆ ಬ್ರೌಸರಿನಲ್ಲೇ ತೆರೆಯುವ ಪಲ್ಪ್ ಇದೆ. ಮಾಡಿದ ಆಟವನ್ನು ಡಬ್ಬಿಗೆ ಹಾಕಿಕೊಳ್ಳೋಕೆ ಯಾರ ಅನುಮತಿಯೂ ಬೇಡ. ಬೇರೆಯವರು ಮಾಡಿ ಹಂಚಿದ್ದನ್ನೂ ಹಾಗೇ ಹಾಕಿಕೊಳ್ಳಬಹುದು. ಕನ್ಸೋಲ್‌ಗಳ ಲೋಕದಲ್ಲಿ ಇದು ತುಂಬಾ ಅಪರೂಪ. ಮುಂದೆ ಒಂದು ದಿನ ಇವರ ಅಂಗಡಿ ಮುಚ್ಚಿದರೂ ಈ ದಾರಿ ಉಳಿಯುತ್ತದೆ ಅನ್ನುವ ಧೈರ್ಯ ನನಗಿದೆ.

ಹಾಗಾಗಿ ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಮೊದಲು ಒಂದು ಸಣ್ಣ ಆಟ ಮಾಡುವುದು. ಅದು ಮುಗಿದರೆ ಕೊಳ್ಳುವುದು, ಇಲ್ಲದಿದ್ದರೆ ಈ ಮಾತು ಇಲ್ಲಿಗೇ ಬಿಡುವುದು. ಕೊಳ್ಳಬೇಕಾ ಅಂತ ಯೋಚಿಸುತ್ತಿರುವ ಯಾರಿಗಾದರೂ ಇದನ್ನೇ ಹೇಳುತ್ತೇನೆ, ಕೋಡ್ ಬರೆಯೋಕೆ ಬರದಿದ್ದರೂ ಪರವಾಗಿಲ್ಲ, ಪಲ್ಪ್‌ನಲ್ಲಿ ಒಂದು ಕೋಣೆ ಬರೆದು ಅದರೊಳಗೆ ಒಬ್ಬನನ್ನು ನಡೆಸಿ ನೋಡಿ. ಅಡ್ಡಕ್ಕೆ 25, ಉದ್ದಕ್ಕೆ 15 ಚೌಕ, ಒಂದೊಂದು ಚೌಕದಲ್ಲಿ 8×8 ಪಿಕ್ಸೆಲ್. ಅಷ್ಟೇ ಜಾಗ. ಅಷ್ಟರಲ್ಲೇ ಒಂದು ಕುರ್ಚಿಯನ್ನು ಕುರ್ಚಿ ಅಂತ ಗೊತ್ತಾಗುವ ಹಾಗೆ ಬರೆಯೋಕೆ ನನಗೆ ಒಂದು ಸಂಜೆ ಹಿಡಿಯಿತು, ಆ ಸಂಜೆ ನನಗೆ ತುಂಬಾ ಇಷ್ಟವಾಯಿತು.

ನಾನು ಮಾಡಿದ ಆಟದಲ್ಲಿ ಒಂದು ಮನೆ ಇದೆ, ಒಂದು ಕಿಟಕಿ, ಒಂದು ಬೆಕ್ಕು. ಕ್ರ್ಯಾಂಕ್ ತಿರುಗಿಸಿದರೆ ಸೂರ್ಯ ಸರಿಯುತ್ತಾನೆ, ನೆರಳು ಉದ್ದವಾಗುತ್ತದೆ, ರಾತ್ರಿಯಾಗುತ್ತದೆ. ಬೆಕ್ಕು ಯಾವ ಹೊತ್ತಿನಲ್ಲಿ ಎಲ್ಲಿ ಬಂದು ಮಲಗುತ್ತದೆ ಅಂತ ಹುಡುಕಬೇಕು. ಪಲ್ಪ್‌ನಲ್ಲಿ ಶುರು ಮಾಡಿದೆ, ನೆರಳು ನುಣುಪಾಗಿ ಸರಿಯಲಿ ಅಂತ ಲೂವಾಕ್ಕೆ ಬಂದೆ. ಏಳು ವಾರ ಬೇಕಾಯಿತು. ಮುಗಿಯಿತು.

ಮುಗಿಯಿತು ಅಂದೆ, ಆದರೆ ಒಂದು ಬಾಕಿ ಇದೆ. ಸಿಮ್ಯುಲೇಟರಿನಲ್ಲಿ ಕ್ರ್ಯಾಂಕನ್ನು ಮೌಸ್‌ನಿಂದ ಎಳೆದು ತಿರುಗಿಸಬೇಕು. ಸೂರ್ಯ ಮೂಡಿ ಮುಳುಗೋಕೆ ಒಂದೇ ಸುತ್ತು ಸಾಕಾ, ಆರು ಸುತ್ತು ಬೇಕಾ? ಒಂದು ಸುತ್ತಿಗೆ ಇಟ್ಟರೆ ಹಗಲು ಸರ್ರನೆ ಹೋಗಿಬಿಡುತ್ತದೆ, ಬೆಕ್ಕು ಕಣ್ಣಿಗೇ ಬೀಳುವುದಿಲ್ಲ. ಆರಕ್ಕೆ ಇಟ್ಟರೆ ಕೈ ಸೋಲುತ್ತದೋ ಏನೋ, ಮೌಸ್ ಹಿಡಿದ ಕೈಗೆ ಅದು ತಿಳಿಯುವುದೇ ಇಲ್ಲ. ಸದ್ಯಕ್ಕೆ ಮೂರು ಅಂತ ಬರೆದಿಟ್ಟಿದ್ದೇನೆ.

ನಿನ್ನೆ ಆರ್ಡರ್ ಮಾಡಿದೆ. ಡಬ್ಬಿ ಬಂದ ಮೇಲೆ ಆ ಮೂರನ್ನು ಸರಿಮಾಡಬೇಕು.